ಹಳ್ಳ ನೇರ ಮಾಡಿದ ಊರಿನ ಕಥೆ

2022ರ ಸೆಪ್ಟೆಂಬರ್ ಮೊದಲ ವಾರ ನಿಮಗೆ ನೆನಪಿರಬೇಕು. 4ನೇ ತಾರೀಖು ಭಾನುವಾರ ರಾತ್ರಿ ಬೆಂಗಳೂರಿನಲ್ಲಿ 130 ಮಿಲಿಮೀಟರ್ ಆಸುಪಾಸು ಮಳೆ ಸುರೀತು. ಬೆಳಗಾಗೋ ಹೊತ್ತಿಗೆ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ, ಔಟರ್ ರಿಂಗ್ ರೋಡ್ ಎಲ್ಲ ಕೆರೆ. ಆ ವಾರ ಪೂರ್ತಿ ನಮ್ಮ ಸ್ಕ್ರೀನ್ ಮೇಲೆ ಒಂದೇ ಚಿತ್ರ. ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡ ಇಂಜಿನಿಯರ್‌ಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗ್ತಿದ್ದಾರೆ. ಹತ್ತಾರು ಕೋಟಿಯ ವಿಲ್ಲಾಗಳ ಒಳಗಿಂದ ಜನರನ್ನ ದೋಣೀಲಿ ಕರ್ಕೊಂಡು ಬರ್ತಿದ್ದಾರೆ.

ನಾನು ಬೆಳಿಗ್ಗೆಯಿಂದ ರಾತ್ರಿವರೆಗೆ ಅದೇ ಸುದ್ದಿ ಓದಿ ಮನೆಗೆ ಬಂದೆ. ಊರಿಂದ ಅಪ್ಪ ಫೋನ್ ಮಾಡಿದ್ರು. ಟಿವಿ ನೋಡ್ತಾ ಇದ್ರಂತೆ. ಕೇಳಿದ್ದು ಒಂದೇ ಮಾತು: 'ಅಲ್ಲ ಕಣೋ, ಹಳ್ಳದೊಳಗೆ ಮನೆ ಕಟ್ಕೊಂಡು ಮನೆಯೊಳಗೆ ಹಳ್ಳ ಬಂತು ಅಂತಾರಲ್ಲೋ!'

ಆ ವಾರದ ಚರ್ಚೆಗಳಲ್ಲಿ ಯಾವ ಪಕ್ಷದವರು ಬಂದರೂ ಪರಿಹಾರ ಮಾತ್ರ ಒಂದೇ ಹೇಳ್ತಿದ್ರು. ರಾಜಕಾಲುವೆ ಅಗಲ ಮಾಡ್ತೀವಿ, ನೇರ ಮಾಡ್ತೀವಿ, ಎರಡೂ ಕಡೆ ಕಾಂಕ್ರೀಟ್ ಗೋಡೆ ಕಟ್ತೀವಿ, ಇಷ್ಟು ಕೋಟಿ ಇಟ್ಟಿದೀವಿ. ಕೇಳೋಕೆ ಸರಿ ಅನ್ಸುತ್ತೆ. ಸಿವಿಲ್ ಇಂಜಿನಿಯರಿಂಗ್ ಓದಿದ ನನಗೂ ಒಂದು ಕ್ಷಣ ಸರಿ ಅನ್ನಿಸ್ತು. ಆದರೆ ಈ ಪ್ರಯೋಗವನ್ನ ನಮಗಿಂತ ಎಷ್ಟೋ ವರ್ಷ ಮೊದಲು, ನಮಗಿಂತ ಎಷ್ಟೋ ಹೆಚ್ಚು ದುಡ್ಡು ಸುರಿದು, ಒಂದು ಊರು ಮಾಡಿ ಮುಗಿಸಿದೆ. ಅದರ ಫಲಿತಾಂಶವೂ ಬಂದಿದೆ. ಆ ಊರು ಅಮೆರಿಕದ ಹೂಸ್ಟನ್. ಇವತ್ತು ಅಲ್ಲಿಗೆ ಹೋಗಿ ಬರೋಣ. ವಾಪಸ್ ಬೆಂಗಳೂರಿಗೇ ಬರ್ತೀನಿ, ಭಯ ಬೇಡ.

ಹಳ್ಳಗಳ ಊರು

ಹೂಸ್ಟನ್ ಅಂದ ತಕ್ಷಣ ನಮಗೆ ನೆನಪಾಗೋದು ಎರಡು. ಒಂದು ನಾಸಾ. ಇನ್ನೊಂದು 2019ರ ಸೆಪ್ಟೆಂಬರ್ 22ರಂದು ನಡೆದ 'ಹೌಡಿ ಮೋದಿ' ಕಾರ್ಯಕ್ರಮ. ಆ ಕಾರ್ಯಕ್ರಮಕ್ಕೆ ಮೂರು ದಿನ ಮೊದಲು ಇಮೆಲ್ಡಾ ಅನ್ನೋ ಚಂಡಮಾರುತದ ಮಳೆಗೆ ಹೂಸ್ಟನ್ ಸುತ್ತಮುತ್ತ ನೀರೋ ನೀರು. ಎಷ್ಟು ಜನಕ್ಕೆ ನೆನಪಿದೆ? ಚಂದ್ರನ ಮೇಲೆ ಇಳಿದ ಮನುಷ್ಯನ ಜೊತೆ ಮಾತಾಡಿದ ಕಂಟ್ರೋಲ್ ರೂಂ ಇರೋ ಊರು ಅದು. ಅಂಥ ಊರಿಗೆ ತನ್ನದೇ ಬೀದಿಯ ಹಳ್ಳದ ನೀರು ಹಿಡಿಯೋಕೆ ಆಗ್ತಿಲ್ಲ. ಯಾಕೆ?

ಊರಿನ ಜಾತಕವೇ ಹಾಗಿದೆ. 1836ರಲ್ಲಿ ಅಲೆನ್ ಅನ್ನೋ ಇಬ್ಬರು ಅಣ್ಣತಮ್ಮಂದಿರು ಬಫೆಲೋ ಬಯೂ ದಂಡೆ ಮೇಲೆ ಜಾಗ ತಗೊಂಡು, ಸೈಟು ಮಾಡಿ ಮಾರೋಕೆ ಶುರು ಮಾಡಿದ್ರು. ಹುಟ್ಟಿದ್ದೇ ರಿಯಲ್ ಎಸ್ಟೇಟ್ ಕೂಸಾಗಿ! ಬಯೂ ಅಂದರೆ ನಿಧಾನವಾಗಿ ಹರಿಯೋ ಹಳ್ಳ. ಬಫೆಲೋ ಬಯೂ, ವೈಟ್ ಓಕ್ ಬಯೂ, ಬ್ರೇಸ್ ಬಯೂ, ಸಿಮ್ಸ್ ಬಯೂ, ಹೀಗೆ ಊರ ತುಂಬಾ ಹಳ್ಳಗಳು. ನೆಲ ತಟ್ಟೆಯ ಹಾಗೆ ಸಪಾಟು, ಮಣ್ಣು ಜೇಡಿ. ಸಮುದ್ರಮಟ್ಟದಿಂದ ಊರಿನ ಎತ್ತರ 15 ಮೀಟರ್ ಅಷ್ಟೇ. ಪಕ್ಕದಲ್ಲೇ ಮೆಕ್ಸಿಕೋ ಕೊಲ್ಲಿ, ಚಂಡಮಾರುತಗಳ ತವರುಮನೆ. ಮಳೆ ಬಂದರೆ ನೀರು ಹೋಗೋಕೆ ಆತುರವೇ ಪಡಲ್ಲ.

1913ರಲ್ಲಿ ಊರಿನ ಪಾರ್ಕ್ ಕಮಿಷನ್‌ನವರು ಆರ್ಥರ್ ಕೋಮಿ ಅನ್ನೋ ಯೋಜನಾ ತಜ್ಞರನ್ನ ಕರೆಸಿ ಒಂದು ವರದಿ ಬರೆಸಿದ್ರು. ಆಗ ಊರಿನ ಜನಸಂಖ್ಯೆ ಒಂದು ಲಕ್ಷದ ಒಳಗೆ. ಕೋಮಿ ಹೇಳಿದ್ದು ತುಂಬಾ ಸರಳ. ಈ ಹಳ್ಳಗಳ ಎರಡೂ ದಂಡೆಯ ಜಾಗ ಕಟ್ಟಡಕ್ಕೆ ಸರಿಯಿಲ್ಲ, ಉದ್ಯಾನಕ್ಕೆ ಹೇಳಿ ಮಾಡಿಸಿದ ಹಾಗಿದೆ. ಊರು ಬೆಳೆಯೋ ಮೊದಲೇ ತಗೊಂಡು ಬಿಡಿ, ಊರಿನ ಪಾರ್ಕುಗಳ ಬೆನ್ನುಮೂಳೆ ಇದೇ ಆಗಲಿ.

ಭೂಮಿ ಅಗ್ಗವಾಗಿದ್ದ ಕಾಲ. ಸುತ್ತ ಹುಲ್ಲುಗಾವಲು, ಭತ್ತದ ಗದ್ದೆ. ಊರಿನವರು ಮಾಡಿದ್ದೇನು? ಅಲ್ಲೊಂದು ಇಲ್ಲೊಂದು ಪಾರ್ಕ್ ಮಾಡಿದ್ರು. ಮಿಕ್ಕ ವರದಿ ಕಪಾಟು ಸೇರಿತು. ಮತ್ತೆ ಅದೇ ಯೋಚನೆಗೆ ಜನ ವೋಟು ಹಾಕಿ ದುಡ್ಡು ಒಪ್ಪಿದ್ದು 2012ರಲ್ಲಿ, ಹಳ್ಳಗಳ ಉದ್ದಕ್ಕೂ 150 ಮೈಲಿ ಹಸಿರು ದಾರಿ ಮಾಡೋ ಯೋಜನೆಗೆ. ನಡುವೆ ಕಳೆದದ್ದು ಎಷ್ಟು? 99 ವರ್ಷ! ಆ 99 ವರ್ಷದಲ್ಲಿ ಏನಾಯ್ತು ಅನ್ನೋದೇ ನಮಗೆ ಪಾಠ.

ಎರಡು ಪ್ರವಾಹ, ಒಂದು ಪ್ಲಾನು

1929ರಲ್ಲಿ ಒಂದು ಪ್ರವಾಹ, 1935ರ ಡಿಸೆಂಬರ್‌ನಲ್ಲಿ ಇನ್ನೊಂದು. ಎರಡನೆಯದು ಊರಿನ ನಡುಭಾಗವನ್ನೇ ಮುಳುಗಿಸಿತು. ಸತ್ತವರೂ ಇದ್ದರು. ಜನ ರೊಚ್ಚಿಗೆದ್ದರು. 1937ರಲ್ಲಿ ಟೆಕ್ಸಾಸ್ ಶಾಸನಸಭೆ ಹ್ಯಾರಿಸ್ ಕೌಂಟಿ ಪ್ರವಾಹ ನಿಯಂತ್ರಣ ಡಿಸ್ಟ್ರಿಕ್ಟ್ ಅನ್ನೋ ಪ್ರತ್ಯೇಕ ಸಂಸ್ಥೆಯನ್ನೇ ಹುಟ್ಟುಹಾಕಿತು. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಇವತ್ತು ಆ ಸಂಸ್ಥೆಯ ಸುಪರ್ದಿಯಲ್ಲಿರೋ ಹಳ್ಳ, ಕಾಲುವೆಗಳ ಉದ್ದ ಸುಮಾರು 4,000 ಕಿಲೋಮೀಟರ್.

ಕೇಂದ್ರ ಸರ್ಕಾರದ ಕಡೆಯಿಂದ ಅಮೆರಿಕ ಸೇನೆಯ ಇಂಜಿನಿಯರಿಂಗ್ ವಿಭಾಗ ಬಂತು. ಅವರು 1940ರಲ್ಲಿ ಮಾಡಿದ ಪ್ಲಾನ್ ನಿಜವಾಗ್ಲೂ ಒಳ್ಳೆಯದಿತ್ತು. ಊರಿನ ಪಶ್ಚಿಮಕ್ಕೆ ಆಡಿಕ್ಸ್ ಮತ್ತು ಬಾರ್ಕರ್ ಅನ್ನೋ ಎರಡು ದೊಡ್ಡ ಜಲಾಶಯ. ಜಲಾಶಯ ಅಂದರೆ ಸದಾ ನೀರಿರೋದಲ್ಲ. ಒಣಗಿದ ಬಯಲು, ಮಳೆ ಬಂದಾಗ ಮಾತ್ರ ನೀರು ಹಿಡಿದಿಟ್ಟು ಆಮೇಲೆ ನಿಧಾನಕ್ಕೆ ಬಿಡೋದು. ಇವೆರಡರ ಜೊತೆ ವೈಟ್ ಓಕ್ ಹಳ್ಳಕ್ಕೆ ಮೂರನೇ ಜಲಾಶಯ, ಸೈಪ್ರೆಸ್ ಹಳ್ಳದ ನೀರು ಈ ಕಡೆ ಉಕ್ಕದ ಹಾಗೆ ಒಂದು ಏರಿ, ಹೆಚ್ಚಾದ ನೀರನ್ನ ಊರ ಹೊರಗಿನಿಂದಲೇ ಸುತ್ತಿಸಿ ಕರ್ಕೊಂಡು ಹೋಗೋಕೆ ಉತ್ತರಕ್ಕೊಂದು, ದಕ್ಷಿಣಕ್ಕೊಂದು ಕಾಲುವೆ. ನಮ್ಮ ಕೆರೆಗಳ ಭಾಷೇಲಿ ಹೇಳೋದಾದ್ರೆ ಏರಿಯೂ ಇತ್ತು, ತೂಬೂ ಇತ್ತು, ಕೋಡಿ ನೀರು ಹೋಗೋ ದಾರಿಯೂ ಇತ್ತು.

ಕಟ್ಟಿದ್ದೆಷ್ಟು? ಬಾರ್ಕರ್ 1945ಕ್ಕೆ ಮುಗೀತು, ಆಡಿಕ್ಸ್ 1948ಕ್ಕೆ. ಅಣೆಕಟ್ಟಿನ ಕೆಳಗೆ ಬಫೆಲೋ ಬಯೂವನ್ನ ಕೆಲವು ಮೈಲಿ ನೇರ ಮಾಡಿದ್ರು. ಅಲ್ಲಿಗೆ ನಿಂತಿತು. ಮೂರನೇ ಜಲಾಶಯ ಇಲ್ಲ, ಏರಿ ಇಲ್ಲ, ಸುತ್ತುಗಾಲುವೆ ಇಲ್ಲ. ಯುದ್ಧ ಮುಗಿದು ಊರು ಬೆಳೆಯೋಕೆ ಶುರುವಾಗಿತ್ತು, ಕಾಲುವೆ ಹೋಗಬೇಕಿದ್ದ ಜಾಗದ ಬೆಲೆ ಏರಿತ್ತು. ಕೋಡಿ ಇಲ್ಲದ ಕೆರೆ ಕಟ್ಟಿದ ಹಾಗಾಯ್ತು.

ಇನ್ನೂ ಒಂದು ಎಡವಟ್ಟು ನಡೀತು. ಜಲಾಶಯ ಪೂರ್ತಿ ತುಂಬಿದಾಗ ನೀರು ಎಲ್ಲಿವರೆಗೆ ನಿಲ್ಲುತ್ತೆ ಅಂತ ಲೆಕ್ಕ ಹಾಕಿದ್ರಲ್ಲ, ಅಷ್ಟೂ ಜಾಗವನ್ನ ಸರ್ಕಾರ ಕೊಳ್ಳಲಿಲ್ಲ. ಅಂಚಿನ ಸಾವಿರಾರು ಎಕರೆ ಖಾಸಗಿಯವರ ಕೈಯಲ್ಲೇ ಉಳೀತು. ಅವತ್ತಿನ ತರ್ಕ ತಪ್ಪಲ್ಲ. ಅದು ದನ ಮೇಯಿಸೋ ಬಯಲು, ಭತ್ತದ ಗದ್ದೆ. ಯಾವಾಗಲೋ ಒಮ್ಮೆ ಗದ್ದೇಲಿ ನೀರು ನಿಂತರೆ ಯಾರಿಗೇನು ನಷ್ಟ? ದುಡ್ಡು ಉಳೀತು. ಈ ಉಳಿತಾಯವನ್ನ ನೆನಪಿಟ್ಟುಕೊಳ್ಳಿ. ಕಥೆಯ ಕೊನೇಲಿ ಇದರ ಬಿಲ್ಲು ಬರುತ್ತೆ.

ಕಾಂಕ್ರೀಟ್ ಯುಗ

1940ರಲ್ಲಿ ಹೂಸ್ಟನ್ ಜನಸಂಖ್ಯೆ 3.85 ಲಕ್ಷ. 1960ಕ್ಕೆ 9.38 ಲಕ್ಷ. ಇಪ್ಪತ್ತೇ ವರ್ಷ! ಜೊತೆಗೆ ಅದು ಝೋನಿಂಗ್ ಕಾನೂನೇ ಇಲ್ಲದ ಊರು. ಎಲ್ಲಿ ಏನು ಬೇಕಾದರೂ ಕಟ್ಟಬಹುದು ಅನ್ನೋದನ್ನೇ ಹೆಮ್ಮೆಯಿಂದ ಹೇಳ್ಕೊಳ್ತಿದ್ರು. ಗದ್ದೆಗಳೆಲ್ಲ ಬಡಾವಣೆಗಳಾದವು. ಆಗ ನೀರಿನ ಕಥೆ ಏನಾಗುತ್ತೆ ನೋಡಿ.

ಸ್ವಲ್ಪ ಲೆಕ್ಕ, ಬೇಜಾರು ಮಾಡ್ಕೋಬೇಡಿ. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ನೀರು ಸುಮಾರು ಒಂದು ಲಕ್ಷ ಲೀಟರ್. ಬೆಂಗಳೂರಿನವರಿಗೆ ಅರ್ಥವಾಗೋ ಹಾಗೆ ಹೇಳೋದಾದ್ರೆ, 12,000 ಲೀಟರಿನ ದೊಡ್ಡ ಟ್ಯಾಂಕರ್ ಎಂಟೊಂಬತ್ತು. ಅದೇ ಎಕರೆ ಹೊಲವಾಗಿದ್ದರೆ ಅದರಲ್ಲಿ ಬಹುಪಾಲು ಮಣ್ಣು ಕುಡಿಯುತ್ತೆ, ಬದುವಿನ ಹಿಂದೆ ನಿಲ್ಲುತ್ತೆ, ಉಳಿದದ್ದು ಗಂಟೆಗಟ್ಟಲೆ ತಡವಾಗಿ ಹಳ್ಳ ಸೇರುತ್ತೆ. ಅದನ್ನೇ ಲೇಔಟ್ ಮಾಡಿ ಛಾವಣಿ, ಟಾರು, ಟೈಲ್ಸು ಹಾಕಿ. ಬಹುತೇಕ ಅಷ್ಟೂ ಟ್ಯಾಂಕರ್ ನೀರು ಅರ್ಧ ಗಂಟೇಲಿ ಚರಂಡಿಗೆ. ಮಳೆ ಬದಲಾಗಿಲ್ಲ, ಹಳ್ಳ ಬದಲಾಗಿಲ್ಲ, ನೆಲ ಬದಲಾಯ್ತು.

ಇದಕ್ಕೆ ಉತ್ತರ ಅಂತ ಕಾಂಕ್ರೀಟ್ ಬಂತು. ಐರ್ಲೆಂಡಿನ ರಾಬರ್ಟ್ ಮ್ಯಾನಿಂಗ್ ಅನ್ನೋ ಇಂಜಿನಿಯರ್ 1889ರಲ್ಲಿ ಕೊಟ್ಟ ಒಂದು ಸೂತ್ರ ಇದೆ. ಸಿವಿಲ್ ಓದಿದವರೆಲ್ಲ ಪರೀಕ್ಷೆ ಹಿಂದಿನ ರಾತ್ರಿ ಬಾಯಿಪಾಠ ಮಾಡಿದ್ದೇ. ಅದು ಹೇಳೋದಿಷ್ಟು: ಕಾಲುವೆಯ ಒಳಮೈ ನುಣುಪಾದಷ್ಟೂ ನೀರಿನ ವೇಗ ಜಾಸ್ತಿ. ಗಿಡ, ಕಲ್ಲು, ತಿರುವು ಇರೋ ಹಳ್ಳಕ್ಕೆ ಹೋಲಿಸಿದರೆ ನಯವಾದ ಕಾಂಕ್ರೀಟ್ ಕಾಲುವೇಲಿ ನೀರು ಎರಡು ಪಟ್ಟಿಗಿಂತ ಹೆಚ್ಚು ವೇಗವಾಗಿ ಓಡಬಲ್ಲದು. ಅಂದರೆ ಅಷ್ಟೇ ಅಗಲದ ಜಾಗದಲ್ಲಿ ಎರಡರಷ್ಟು ನೀರು ಸಾಗಿಸಬಹುದು. ಜಾಗ ಉಳೀತಲ್ಲ! ಉಳಿದ ಜಾಗದಲ್ಲಿ ಇನ್ನಷ್ಟು ಸೈಟು!

ಬ್ರೇಸ್ ಬಯೂವನ್ನ ನೇರ ಮಾಡಿ ಕಾಂಕ್ರೀಟ್ ಹಾಕೋ ಕೆಲಸ 1968ರ ಹೊತ್ತಿಗೆ ಮುಗೀತು. ವೈಟ್ ಓಕ್ ಹಳ್ಳಕ್ಕೂ ಬಹುಭಾಗ ಕಾಂಕ್ರೀಟ್ ಬಿತ್ತು. ಬ್ರೇಸ್ ದಂಡೆಯಲ್ಲಿ 1955ರಲ್ಲೇ ಮೇಯರ್‌ಲ್ಯಾಂಡ್ ಅನ್ನೋ ದೊಡ್ಡ ಬಡಾವಣೆ ಎದ್ದಿತ್ತು. ಮಧ್ಯಮ ವರ್ಗದವರು ಸಾಲ ಮಾಡಿ ಮನೆ ತಗೊಂಡಿದ್ರು. ಇನ್ನು ನಮಗೆ ಪ್ರವಾಹದ ಭಯ ಇಲ್ಲ ಅಂದ್ಕೊಂಡ್ರು.

ಇಲ್ಲೇ ಇರೋದು ಮರ್ಮ. ಇಂಜಿನಿಯರ್ ಲೆಕ್ಕ ತಪ್ಪಿರಲಿಲ್ಲ. ಆದರೆ ಯಾವ ಕಾಲುವೆಯನ್ನಾದರೂ ಡಿಸೈನ್ ಮಾಡೋದು ಮೇಲ್ಭಾಗದಲ್ಲಿ ಎಷ್ಟು ಊರು ಇದೆ ಅಂತ ನೋಡಿ, ಸ್ವಲ್ಪ ಹೆಚ್ಚಿಗೆ ಸೇರಿಸಿ. ಕಾಲುವೆ ಆಯ್ತು ಅಂತ ಗೊತ್ತಾದ ತಕ್ಷಣ ಮೇಲ್ಭಾಗದ ಗದ್ದೆಗೆ ಬೆಲೆ ಬರುತ್ತೆ. ಅಲ್ಲೂ ಲೇಔಟ್ ಏಳುತ್ತೆ. ಅದರ ನೀರೂ ಇದೇ ಕಾಲುವೆಗೆ. ಕಾಂಕ್ರೀಟಿಗೆ ಒಂದು ಗುಣ ಇದೆ, ಅದು ಬೆಳೆಯಲ್ಲ. ಊರಿಗೆ ಇನ್ನೊಂದು ಗುಣ, ಅದು ನಿಲ್ಲಲ್ಲ. ಮುಗಿದ ದಿನದಿಂದಲೇ ಕಾಲುವೆ ಹಳೇದಾಗ್ತಾ ಹೋಗುತ್ತೆ. ಮೇಲಿನ ಲೇಔಟ್ ಎಷ್ಟು ಬೇಗ ತನ್ನ ನೀರು ಕಳಕೊಳ್ಳುತ್ತೋ ಅಷ್ಟೇ ಬೇಗ ಕೆಳಗಿನವನ ಮನೆಗೆ ಅದು ತಲುಪುತ್ತೆ.

ಬ್ರೇಸ್ ಬಯೂ ಮತ್ತೆ ಮತ್ತೆ ಉಕ್ಕಿತು. 2001ರಲ್ಲಿ ಆಲಿಸನ್ ಚಂಡಮಾರುತ ಬಂದಾಗ ಜಗತ್ತಿನಲ್ಲೇ ದೊಡ್ಡದು ಅನ್ನೋ ಟೆಕ್ಸಾಸ್ ಮೆಡಿಕಲ್ ಸೆಂಟರ್‌ನ ಆಸ್ಪತ್ರೆಗಳ ನೆಲಮಾಳಿಗೆಗೆ ನೀರು ನುಗ್ಗಿತು. ಮೇಯರ್‌ಲ್ಯಾಂಡ್ 2015ರಲ್ಲಿ ಮುಳುಗಿತು, 2016ರಲ್ಲಿ ಮುಳುಗಿತು, 2017ರಲ್ಲಿ ಮುಳುಗಿತು. ಮೂರು ವರ್ಷ ಸಾಲಾಗಿ! ಅದೇ ಹಳ್ಳಕ್ಕೆ ಮತ್ತೆ ಸುಮಾರು 480 ಮಿಲಿಯನ್ ಡಾಲರ್ ಖರ್ಚಿನ ಯೋಜನೆ ಮಾಡಬೇಕಾಯ್ತು. ಕಾಲುವೆ ಅಗಲ ಮಾಡೋದು, 30ಕ್ಕೂ ಹೆಚ್ಚು ಸೇತುವೆ ಸರಿಪಡಿಸೋದು, ಎಲ್ಲಕ್ಕಿಂತ ಮುಖ್ಯವಾಗಿ ನೀರು ತಾತ್ಕಾಲಿಕವಾಗಿ ನಿಲ್ಲೋಕೆ ನಾಲ್ಕು ದೊಡ್ಡ ಹೊಂಡ ತೋಡೋದು. ಆ ಕೆಲಸ 1990ರ ದಶಕದಲ್ಲಿ ಶುರುವಾಗಿ ಕಾಲು ಶತಮಾನಕ್ಕೂ ಮೀರಿ ಎಳೀತು. ಹೊಂಡ ಅಂದರೆ ಏನು ಸ್ವಾಮಿ? ಊರು ಬೆಳೆಯೋ ಮೊದಲು ಪುಕ್ಕಟೆ ಇದ್ದ ತಗ್ಗು ಜಾಗವನ್ನೇ ಕೋಟಿ ಕೊಟ್ಟು ಮತ್ತೆ ತಯಾರು ಮಾಡೋದು.

ಬೇಡ ಅಂದ ಹೆಣ್ಣುಮಗಳು

ಹಾಗಂತ ಎಲ್ಲರೂ ಸುಮ್ಮನಿದ್ರಾ? ಇಲ್ಲ. 1966ರಲ್ಲಿ ಬಫೆಲೋ ಬಯೂ ದಂಡೆಯ ಮರಗಳನ್ನ ಉರುಳಿಸಿ ಅದನ್ನೂ ನೇರ ಮಾಡಿ ಕಾಂಕ್ರೀಟ್ ಹಾಕೋ ಸಿದ್ಧತೆ ನಡೀತಿತ್ತು. ಆ ಭಾಗದಲ್ಲಿ ವಾಸ ಇದ್ದ ಟೆರ್ರಿ ಹರ್ಷಿ ಅನ್ನೋ ಮಹಿಳೆ ಇದಕ್ಕೆ ಯಾರು ಒಪ್ಪಿಗೆ ಕೊಟ್ಟರು ಅಂತ ಕೇಳೋಕೆ ಶುರು ಮಾಡಿದ್ರು. ಅಕ್ಕಪಕ್ಕದವರನ್ನ ಸೇರಿಸಿ ಸಂಘ ಕಟ್ಟಿದ್ರು. ಆಗಷ್ಟೇ ಸಂಸತ್ತಿಗೆ ಆರಿಸಿ ಹೋಗಿದ್ದ ಅವರ ಭಾಗದ ಯುವ ಪ್ರತಿನಿಧಿಯನ್ನ ಹಿಡಿದ್ರು. ಆತ ವಾಷಿಂಗ್ಟನ್‌ನಲ್ಲಿ, ನಮ್ಮ ಕ್ಷೇತ್ರದ ಈ ಕಾಮಗಾರಿಗೆ ದುಡ್ಡು ಕೊಡಬೇಡಿ ಅಂತ ಕೇಳಿದ್ರು. ನಮ್ಮಲ್ಲಿ ಯಾವ ಶಾಸಕರಾದರೂ ಕಾಮಗಾರಿ ಬೇಡ ಅಂದಿದ್ದನ್ನ ನೀವು ಕೇಳಿದ್ದೀರಾ? ಆ ಪ್ರತಿನಿಧಿಯ ಹೆಸರು ಜಾರ್ಜ್ ಎಚ್. ಡಬ್ಲ್ಯು. ಬುಷ್. ಮುಂದೆ ಅಮೆರಿಕದ ಅಧ್ಯಕ್ಷರಾದವರು. ಬಫೆಲೋ ಬಯೂ ಇವತ್ತಿಗೂ ಬಹುಪಾಲು ಮರಗಿಡಗಳ ನಡುವೆ, ತನ್ನ ತಿರುವುಗಳಲ್ಲೇ ಹರೀತಿದೆ. ಅದರ ದಂಡೆಯ ಒಂದು ಉದ್ಯಾನಕ್ಕೆ ಹರ್ಷಿ ಹೆಸರೇ ಇದೆ.

ಹರ್ಷಿ ಜೊತೆ ಆ ಹೋರಾಟದಲ್ಲಿದ್ದ ಇನ್ನೊಬ್ಬರು ಜಾರ್ಜ್ ಮಿಚೆಲ್. ಎಣ್ಣೆ, ಅನಿಲದ ಉದ್ಯಮಿ. ಪರಿಸರ ಹೋರಾಟಗಾರ ಅನ್ನೋಕಿಂತ ಪಕ್ಕಾ ವ್ಯಾಪಾರಿ. ಹೂಸ್ಟನ್‌ನ ಉತ್ತರಕ್ಕೆ ಕಾಡಿನ ನಡುವೆ 'ದಿ ವುಡ್‌ಲ್ಯಾಂಡ್ಸ್' ಅನ್ನೋ ಹೊಸ ಉಪನಗರ ಕಟ್ಟೋಕೆ ಹೊರಟಾಗ ಅವರು ಕರೆಸಿದ್ದು ಇಯಾನ್ ಮೆಕ್‌ಹಾರ್ಗ್ ಅನ್ನೋ ಸ್ಕಾಟ್ಲೆಂಡ್ ಮೂಲದ ತಜ್ಞರನ್ನ. ಮೆಕ್‌ಹಾರ್ಗ್ ಮೊದಲು ರಸ್ತೆ ಗೆರೆ ಎಳೀಲಿಲ್ಲ, ಮಣ್ಣು ಪರೀಕ್ಷೆ ಮಾಡಿಸಿದ್ರು. ಎಲ್ಲಿ ಮಣ್ಣು ನೀರು ಕುಡಿಯುತ್ತೋ ಅಲ್ಲಿ ಕಟ್ಟಬೇಡಿ, ಎಲ್ಲಿ ಕುಡಿಯಲ್ವೋ ಅಲ್ಲಿ ಕಟ್ಟಿ. ಹಳ್ಳದ ಎರಡೂ ಕಡೆ ಕಾಡು ಬಿಡಿ. ರಸ್ತೆ ಪಕ್ಕ ಪೈಪು ಹೂಳೋ ಬದಲು ಹುಲ್ಲಿನ ಆಳವಿಲ್ಲದ ಕಾಲುವೆ ಮಾಡಿ.

ಊರು 1974ರಲ್ಲಿ ಶುರುವಾಯ್ತು. 1979ರಲ್ಲಿ ಮತ್ತು 1994ರಲ್ಲಿ ಹೂಸ್ಟನ್ ಭಾಗ ಭಾರೀ ಪ್ರವಾಹಕ್ಕೆ ಸಿಕ್ಕಿತು. ವುಡ್‌ಲ್ಯಾಂಡ್ಸ್‌ಗೆ ಆದ ಹಾನಿ ತೀರಾ ಕಡಿಮೆ. ಅದಕ್ಕಿಂತ ಮಜಾ ಏನು ಗೊತ್ತಾ? ಪೈಪು, ಕಾಂಕ್ರೀಟ್ ಉಳಿದಿದ್ದರಿಂದ ಚರಂಡಿ ಖರ್ಚೂ ಕಡಿಮೆ ಆಗಿತ್ತು. ಆದರೆ ಕಥೆ ಸುಖಾಂತ್ಯ ಅಲ್ಲ. ಮನೆ ಮುಂದೆ ಹುಲ್ಲಿನ ಕಾಲುವೆ ಚೆನ್ನಾಗಿ ಕಾಣಲ್ಲ ಅಂತ ಕೊಳ್ಳೋರು ಗೊಣಗಿದ್ರು. 1980ರ ದಶಕದ ನಂತರ ಕಟ್ಟಿದ ಭಾಗಗಳಲ್ಲಿ ಮೊದಲಿನ ಶಿಸ್ತು ಸಡಿಲಾಯ್ತು, ಎಲ್ಲರ ಹಾಗೇ ಪೈಪು ಬಂತು. 2017ರಲ್ಲಿ ಅಲ್ಲಿನ ಕೆಲವು ಭಾಗಗಳೂ ಮುಳುಗಿದವು. ಒಳ್ಳೇ ಪ್ಲಾನು ಮಾಡೋದು ಒಂದು ಸಲದ ಕೆಲಸ, ಕಾಪಾಡೋದು ಪ್ರತಿ ವರ್ಷದ ಕೆಲಸ.

ಬಿಲ್ಲು ಬಂತು

ಈಗ ಆ ಉಳಿತಾಯದ ವಿಷಯಕ್ಕೆ ಬರೋಣ. ಆಡಿಕ್ಸ್, ಬಾರ್ಕರ್ ಜಲಾಶಯದ ಅಂಚಿನ ಗದ್ದೆ ಬಯಲುಗಳಲ್ಲೂ ಬಡಾವಣೆ ಎದ್ದವು. ಏರಿಯ ಹಿಂದೆ ಅಲ್ಲ, ಏರಿಯ ಒಳಗೆ! ಅಂದರೆ ಕೆರೆ ಅಂಗಳದಲ್ಲಿ. ಬಾರ್ಕರ್ ಪಕ್ಕದ ಫೋರ್ಟ್ ಬೆಂಡ್ ಕೌಂಟಿಯವರು 1990ರ ದಶಕದಲ್ಲಿ ಲೇಔಟ್ ನಕ್ಷೆಯ ಮೇಲೆ, ಈ ಜಾಗ ಜಲಾಶಯದ ನೀರಿಗೆ ಮುಳುಗಬಹುದು ಅನ್ನೋ ಅರ್ಥದ ಒಂದು ಸಾಲು ಬರೆಸಿದ್ರು. ಕಾನೂನಿಗೆ ಅಷ್ಟು ಸಾಕು. ಆದರೆ ಮನೆ ಕೊಳ್ಳೋಕೆ ಹೋದವರು ಲೇಔಟ್ ನಕ್ಷೆಯ ಮೂಲೆಯ ಸಾಲು ಓದ್ತಾರಾ? ಮಾಡೆಲ್ ಹೌಸ್‌ನ ಅಡುಗೆಮನೆ ನೋಡ್ತಾರೆ.

1996ರಲ್ಲಿ ಪ್ರವಾಹ ನಿಯಂತ್ರಣ ಡಿಸ್ಟ್ರಿಕ್ಟ್‌ನ ಇಂಜಿನಿಯರ್‌ಗಳೇ ಒಂದು ವರದಿ ಕೊಟ್ಟರು. ಈ ಜಲಾಶಯಗಳು ಸಾಲಲ್ಲ, ದೊಡ್ಡ ಮಳೆ ಬಂದರೆ ಸಾವಿರಾರು ಮನೆ ಮುಳುಗ್ತವೆ. ಹೇಗೂ ಕೇಟಿ ಹೆದ್ದಾರಿ ಅಗೆದು ಅಗಲ ಮಾಡ್ತೀರಲ್ಲ, ಅದರ ಅಡಿಯಲ್ಲೇ ಒಂದು ಭಾರೀ ಕಾಲುವೆ ಹಾಕಿ, ಸುಮಾರು 400 ಮಿಲಿಯನ್ ಡಾಲರ್ ಆಗುತ್ತೆ ಅಂದ್ರು. ಹೆದ್ದಾರಿ ಅಗಲ ಆಯ್ತು. ಕೆಲವು ಕಡೆ ಸರ್ವಿಸ್ ರಸ್ತೆ ಸೇರಿಸಿ 26 ಲೇನ್! ಅಡಿಯ ಕಾಲುವೆ ಮಾತ್ರ ಬರಲೇ ಇಲ್ಲ. ಯಾಕೆ ಅಂತ ನಾನು ಹೇಳಬೇಕಾ? ರಸ್ತೆ ದಿನಾ ಕಾಣುತ್ತೆ. ಕಾಲುವೆ ಕಾಣೋದು ಮಳೆ ಬಂದಾಗ ಮಾತ್ರ.

2017ರ ಆಗಸ್ಟ್ 25ರ ರಾತ್ರಿ ಹಾರ್ವಿ ಚಂಡಮಾರುತ ದಡ ಮುಟ್ಟಿತು. ನಾಲ್ಕು ದಿನದಲ್ಲಿ ಹ್ಯಾರಿಸ್ ಕೌಂಟಿ ಮೇಲೆ ಸರಾಸರಿ ಸುಮಾರು 33 ಇಂಚು, ಅಂದರೆ 850 ಮಿಲಿಮೀಟರ್‌ನಷ್ಟು ಮಳೆ. ಬೆಂಗಳೂರಿಗೆ ಹೆಚ್ಚುಕಡಿಮೆ ವರ್ಷವಿಡೀ ಬೀಳೋ ಮಳೆ ಅದು. ನ್ಯಾಯವಾಗಿ ಹೇಳಬೇಕು, ಅಂಥ ಮಳೆಗೆ ಯಾವ ಊರೂ ಒದ್ದೆಯಾಗದೆ ಉಳಿಯಲ್ಲ. ಆದರೆ ಜಲಾಶಯದ ಕಥೆ ಬೇರೆ. ನೀರು ಸರ್ಕಾರಿ ಜಾಗ ದಾಟಿ, 1940ರ ದಶಕದಲ್ಲಿ ಕೊಳ್ಳದೆ ಬಿಟ್ಟ ಜಾಗಕ್ಕೆ ಏರಿತು. ಈಗ ಅಲ್ಲಿ ಭತ್ತ ಇರಲಿಲ್ಲ, ಸುಮಾರು 14,000 ಮನೆಗಳಿದ್ದವು. ಸಾವಿರಾರು ಮನೆಗಳಿಗೆ ನೀರು ನುಗ್ಗಿತು. ಏರಿಗೆ ಅಪಾಯ ಆಗಬಾರದು ಅಂತ 28ರ ನಸುಕಿನಲ್ಲಿ ಗೇಟ್ ತೆಗೆದ್ರು. ಆಗ ಕೆಳಗಿನ ಬಫೆಲೋ ಬಯೂ ದಂಡೆಯ ಮನೆಗಳೂ ಮುಳುಗಿದವು. ಮೇಲಿನವರೂ ಹೋದ್ರು, ಕೆಳಗಿನವರೂ ಹೋದ್ರು. ಇಡೀ ಕೌಂಟಿಯಲ್ಲಿ ನೀರು ನುಗ್ಗಿದ ಮನೆಗಳು ಒಂದೂವರೆ ಲಕ್ಷಕ್ಕೂ ಹೆಚ್ಚು.

ಜಲಾಶಯದ ಮೇಲ್ಭಾಗದವರು ಕೋರ್ಟಿಗೆ ಹೋದ್ರು. ಜನರ ಆಸ್ತಿಯ ಮೇಲೆ ನೀರು ನಿಲ್ಲಿಸಿದ್ದಕ್ಕೆ ಸರ್ಕಾರವೇ ಹೊಣೆ ಅಂತ ಫೆಡರಲ್ ಕ್ಲೇಮ್ಸ್ ನ್ಯಾಯಾಲಯ 2019ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಗದ್ದೆ ಬೆಲೆಗೆ ಸಿಗ್ತಿದ್ದ ಜಾಗಕ್ಕೆ ಎಪ್ಪತ್ತು ವರ್ಷ ಆದಮೇಲೆ ಮನೆ ಬೆಲೆಯ ಲೆಕ್ಕ ಶುರುವಾಯ್ತು. ಹಾರ್ವಿ ಬಂದು ಸರಿಯಾಗಿ ಒಂದು ವರ್ಷಕ್ಕೆ, 2018ರ ಆಗಸ್ಟ್ 25ರಂದು, ಹ್ಯಾರಿಸ್ ಕೌಂಟಿಯ ಮತದಾರರು ಪ್ರವಾಹ ನಿಯಂತ್ರಣಕ್ಕೆ 2.5 ಬಿಲಿಯನ್ ಡಾಲರ್ ಸಾಲ ಎತ್ತೋಕೆ ಒಪ್ಪಿಗೆ ಕೊಟ್ಟರು. ತಗ್ಗಿನಲ್ಲಿರೋ ಮನೆಗಳನ್ನ ಸರ್ಕಾರವೇ ಕೊಂಡು, ಕೆಡವಿ, ಜಾಗವನ್ನ ಹಳ್ಳಕ್ಕೆ ವಾಪಸ್ ಕೊಡೋ ಕೆಲಸ ದಶಕಗಳಿಂದ ನಡೀತಿದೆ. ಅಂಥ ಮನೆಗಳು ಸಾವಿರಾರು.

ಇನ್ನೊಂದು ವಿಷಯ. 'ನೂರು ವರ್ಷಕ್ಕೊಮ್ಮೆ ಬರೋ ಮಳೆ' ಅಂತ ನಮ್ಮಲ್ಲೂ ಅಧಿಕಾರಿಗಳು ಹೇಳ್ತಾರಲ್ಲ, ಅದರ ಅರ್ಥ ಇನ್ನು ನೂರು ವರ್ಷ ಬರಲ್ಲ ಅಂತಲ್ಲ. ಪ್ರತಿ ವರ್ಷ ನೂರರಲ್ಲಿ ಒಂದು ಸಾಧ್ಯತೆ ಅಂತ. ಮೂವತ್ತು ವರ್ಷದ ಹೋಂ ಲೋನ್ ತೀರೋ ಅಷ್ಟರಲ್ಲಿ ಅದು ಒಮ್ಮೆಯಾದರೂ ಬರೋ ಸಾಧ್ಯತೆ ಸುಮಾರು ನಾಲ್ಕರಲ್ಲಿ ಒಂದು. ಆ ಮಳೆಯ ಅಂದಾಜೂ ಸ್ಥಿರ ಅಲ್ಲ. ಹೂಸ್ಟನ್‌ಗೆ ಒಂದು ದಿನದ ಲೆಕ್ಕ ಸುಮಾರು 13 ಇಂಚು ಅಂತ ಇದ್ದದ್ದನ್ನ 2018ರಲ್ಲಿ 16ರಿಂದ 18 ಇಂಚು ಅಂತ ತಿದ್ದಿದ್ರು. ಹಳೇ ಅಂದಾಜಿನ ಮೇಲೆ ಕಟ್ಟಿದ ಎಲ್ಲ ಕಾಲುವೆ ಒಂದೇ ಆದೇಶದಲ್ಲಿ ಚಿಕ್ಕದಾಗಿ ಹೋದವು.

ನಮ್ಮ ಹಳ್ಳಕ್ಕೆ ವಾಪಸ್

ಬೆಂಗಳೂರು ಹೂಸ್ಟನ್ ಅಲ್ಲ. ನಮಗೆ ಚಂಡಮಾರುತ ಇಲ್ಲ, ಊರು ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿದೆ. ಇನ್ನೊಂದು ದೊಡ್ಡ ವ್ಯತ್ಯಾಸ ಇದೆ. ಅವರು ಕೋಟಿ ಸುರಿದು ತೋಡ್ತಿರೋ ಹೊಂಡಗಳು ನಮ್ಮ ಹತ್ತಿರ ಮೊದಲೇ ಇದ್ದವು. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ರಾಜಕಾಲುವೆಯಲ್ಲಿ ಹರಿದು ಮುಂದಿನ ಕೆರೆಗೆ, ಅಲ್ಲಿಂದ ಮುಂದಿನದಕ್ಕೆ. ಸರಪಳಿಯ ಹಾಗೆ. ಆ ಕೊಂಡಿಗಳನ್ನ ನಾವೇ ಒಂದೊಂದಾಗಿ ಕಳಚಿದ್ವಿ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಆಯ್ತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ ಆಯ್ತು. ಕೋರಮಂಗಲದ ಕೆರೆ ನ್ಯಾಷನಲ್ ಗೇಮ್ಸ್ ವಿಲೇಜ್ ಆಯ್ತು. ನಮಗೂ ವರದಿ ಇರಲಿಲ್ಲ ಅಂತಲ್ಲ. ಇರೋ ಕೆರೆಗಳನ್ನಾದರೂ ಉಳಿಸಿ ಅಂತ ಲಕ್ಷ್ಮಣ ರಾವ್ ಸಮಿತಿ 1980ರ ದಶಕದಲ್ಲೇ ಹೇಳಿತ್ತು.

ರಾಜಕಾಲುವೆ ಪಕ್ಕ ಎಷ್ಟು ಜಾಗ ಬಿಡಬೇಕು ಅನ್ನೋದರ ಮೇಲೂ ಎಳೆದಾಟ ನಡೀತಾನೇ ಇದೆ. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್, ಕಾಲುವೆಗಳಿಗೆ ಗಾತ್ರದ ಪ್ರಕಾರ 50, 35, 25 ಮೀಟರ್ ಅಂತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡಿತು. ಮಾಸ್ಟರ್ ಪ್ಲಾನ್ ಬಿಟ್ಟು ಬೇರೆ ಅಳತೆ ಹೇರೋ ಅಧಿಕಾರ ಮಂಡಳಿಗೆ ಇಲ್ಲ ಅನ್ನೋದು ಅದರ ಮಾತು. ಕಾನೂನಿನ ಪ್ರಕಾರ ಸರಿ ಇರಬಹುದು. ಆದರೆ ನೀರು ಮಾಸ್ಟರ್ ಪ್ಲಾನ್ ಓದಲ್ಲ.

ನಾನು ರಾಜಕಾಲುವೆ ಸರಿಪಡಿಸಬೇಡಿ ಅಂತಿಲ್ಲ. ಬೆಂಗಳೂರಿನ 800 ಕಿಲೋಮೀಟರ್‌ಗೂ ಮಿಕ್ಕಿದ ರಾಜಕಾಲುವೆಗಳಲ್ಲಿ ಹೂಳು ತೆಗೀಬೇಕು, ಒತ್ತುವರಿ ತೆಗೀಬೇಕು, ಕುಸಿಯೋ ಕಡೆ ಗೋಡೆಯೂ ಬೇಕು. ಈಗಾಗಲೇ ಕಟ್ಟಿ ಮುಗಿದ ಊರೊಳಗೆ ಬೇರೆ ದಾರಿಯೂ ಕಡಿಮೆ. ನಾನು ಹೇಳ್ತಿರೋದು ಇನ್ನೂ ಕಟ್ಟದ ಊರಿನ ಬಗ್ಗೆ. ದೇವನಹಳ್ಳಿ, ಹೊಸಕೋಟೆ, ಆನೇಕಲ್, ನೆಲಮಂಗಲ ಕಡೆ ಇವತ್ತೂ ರಾಗಿ ಹೊಲ ಇದೆ, ತಗ್ಗು ಇದೆ, ಹಳ್ಳ ಹಳ್ಳದ ಹಾಗೇ ಇದೆ. ಹೂಸ್ಟನ್‌ನ 1913 ಯಾವುದೋ ಅದು ನಮಗೆ ಅಲ್ಲಿ ಇವತ್ತು. ನೀರಿಗೆ ಜಾಗ ಬಿಡೋಕೆ ಅತಿ ಅಗ್ಗದ ದಿನ ಅಂದರೆ ಲೇಔಟ್ ಆಗೋಕೆ ಹಿಂದಿನ ದಿನ. ಆಮೇಲೆ ಎಷ್ಟು ಕಾಂಕ್ರೀಟ್ ಸುರಿದರೂ ಅದು ಬಡ್ಡಿ ಕಟ್ಟಿದ ಹಾಗೆ, ಅಸಲು ತೀರಲ್ಲ.

ಸರ್ಕಾರ ಯಾವಾಗ ಮಾಡುತ್ತೋ ಗೊತ್ತಿಲ್ಲ. ನೀವು ಮಾಡಬಹುದಾದ ಒಂದು ಕೆಲಸ ಇದೆ. ಸೈಟು ನೋಡೋಕೆ ಹೋದಾಗ ಬ್ರೋಷರ್ ಪಕ್ಕಕ್ಕಿಟ್ಟು ಆ ಊರಿನ ಗ್ರಾಮನಕ್ಷೆ ಕೇಳಿ. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಾಕಿ ನೋಡಿ. ಹಳ್ಳದ ಗೆರೆ ಎಲ್ಲಿ ಹೋಗಿದೆ, ಪಹಣೀಲಿ ಖರಾಬು ಎಷ್ಟಿದೆ ನೋಡಿ. ಅದೂ ಆಗದಿದ್ದರೆ ಅಲ್ಲಿನ ಹಳೇ ತಲೆಗಳನ್ನ ಹಿಡಿದು, ಜೋರು ಮಳೆ ಬಂದಾಗ ನೀರು ಎಲ್ಲಿ ನಿಲ್ತಿತ್ತು ಯಜಮಾನ್ರೇ ಅಂತ ಒಂದು ಮಾತು ಕೇಳಿ. ಅವರು ಯಾವ ಹೈಡ್ರಾಲಜಿಯನ್ನೂ ಓದಿರಲ್ಲ, ಆದರೆ ಕೈ ತೋರಿಸ್ತಾರೆ.

ನಮ್ಮಪ್ಪನಿಗೂ ಮ್ಯಾನಿಂಗ್ ಸೂತ್ರ ಗೊತ್ತಿಲ್ಲ. ಹಳ್ಳದ ಜಾಗ ಹಳ್ಳಕ್ಕೆ ಸೇರಿದ್ದು ಅಂತ ಮಾತ್ರ ಗೊತ್ತು.